ಹಾರ್ಡ್ ಡಿಸ್ಕಿಗೆ ಗಂಧ

ಜೆಪ್ಪು, ಮಂಗಳೂರು
12 ಅಕ್ಟೋಬರ್ 2025

ಪ್ರೀತಿಯ ಸೊಸೆ ಅನುಷ್ಕಾಳಿಗೆ ಬೋಜ ಮಾವನ ಆಶೀರ್ವಾದ.

ನೆರೆಮನೆಯ ಪ್ರೇಮ್ ಮಂಗಳವಾರ ನಿಮ್ಮ ಮಸ್ಕತ್ತಿಗೆ ಬರುತ್ತಾನೆ. ಅವನ ಕೈಯಲ್ಲಿ ನಿನ್ನ ಹಾರ್ಡ್ ಡಿಸ್ಕ್ ಕೊಟ್ಟಿದ್ದೇನೆ. ಮೋಕ್ಷಾಳ ಮೊದಲ ಹುಟ್ಟುಹಬ್ಬಕ್ಕೆ ಅಜ್ಜಿಯ ಸ್ವರ ಕೇಳಿಸಬೇಕೆಂದು ನೀನು ಫೋನಿನಲ್ಲಿ ಅತ್ತಿದ್ದೆಯಲ್ಲ, ಇನ್ನು ಅಳಬೇಡ. ನಿನ್ನ ಅಮ್ಮನ ವಿಡಿಯೋ ಕ್ಷೇಮವಾಗಿ ಉಂಟು. ರಿಪೇರಿ ಮಾಡಿದವನು ನಾನೇ. ಪಂಪ್‌ವೆಲ್ಲಿನ ಕಂಪ್ಯೂಟರ್ ಅಂಗಡಿಯ ವಾಲ್ಟರ್ ಸ್ವಲ್ಪ ಕೈಜೋಡಿಸಿದ ಅಷ್ಟೆ.

ನೀನು ಹೋದಂದಿನಿಂದ ಅದು ಆಲ್ಮೇರಾದಲ್ಲಿ, ಬೀಗದೊಳಗೆ ಇತ್ತು. ನಾನು ಮುಟ್ಟಿಯೇ ಇಲ್ಲ. ನೀನು ಕೇಳಿದ ಮೇಲೆ ಟಿವಿಗೆ ಹಾಕಿ ನೋಡಿದರೆ ಫೈಲ್ ಓದಲಾಗುತ್ತಿಲ್ಲ ಎಂದು ಬಂತು. ನಾನು ಏಳನೇ ಕ್ಲಾಸಿನವನಾದರೂ ಊರಿನ ಎಷ್ಟು ಪಂಪ್‌ಸೆಟ್ಟುಗಳಿಗೆ ಜೀವ ಕೊಟ್ಟವನು! ಎರಡು ಸಲ ತಟ್ಟಿದೆ. ಒಂದು ದಿನ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಟಿವಿ ಅದೇ ಮಾತು ಹೇಳಿತು.

ಕೊನೆಗೆ ವಾಲ್ಟರನ ಅಂಗಡಿಗೆ ಹೋದೆ. ಅವನು ಕೇಬಲ್ ಬದಲಿಸಿದ, ಕಂಪ್ಯೂಟರಿನ ಹಿಂದಿನ ತೂತಿಗೆ ಚುಚ್ಚಿದ. ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಬೇಕೇ ಎಂದು ಕಂಪ್ಯೂಟರ್ ಕೇಳಿತು. ಇಷ್ಟು ಮರ್ಯಾದೆಯಿಂದ ಕೇಳುವಾಗ ಬೇಡ ಎನ್ನುವುದು ಹೇಗೆ? ನಾನು ಬೆರಳು ಚಾಚಿದೆ. ವಾಲ್ಟರ್ ನನ್ನ ಮಣಿಕಟ್ಟು ಹಿಡಿದು, "ಬೋಜಣ್ಣ, ಅದು ಒತ್ತಿದ್ರೆ ಎಲ್ಲ ಅಳಿಸಿ ಹೋಗ್ತದೆ ಮಾರಾಯ್ರೆ! ನೀವು ಆಚೆ ಸ್ಟೂಲಲ್ಲಿ ಕೂತ್ಕೊಳ್ಳಿ!" ಎಂದು ಕಿರುಚಿದ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವರು ನೋಡಿದ್ದು ನನ್ನ ಹೊಸ ಅಂಗಿಯನ್ನು ಎಂದುಕೊಂಡೆ.

ಆಮೇಲೆ ಅವನು ಡಿಸ್ಕಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಒಳಗೆ ಎಂತದ್ದು ಇದು, ಸುಣ್ಣವಾ?" ಎಂದು ಕೇಳಿದ. ಮೂಸಿದ. ನನ್ನ ಮುಖ ನೋಡಿದ.

ಗಂಧ, ಮಗಾ. ಆಯುಧಪೂಜೆಯ ದಿನ ಸ್ಪಾನರು, ಮಿಕ್ಸಿ, ಸ್ಕೂಟರು, ಎಲ್ಲದಕ್ಕೂ ಗಂಧ ಹಚ್ಚಿದೆ. ನಿನ್ನ ಅಮ್ಮನ ಸ್ವರ ಇರುವ ಪೆಟ್ಟಿಗೆಯನ್ನು ಮಾತ್ರ ಬಿಡುವುದಾ? ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಹಚ್ಚಿದೆ, ಸಂದಿ ಕಂಡಲ್ಲೆಲ್ಲ. "ಪೂಜೆ ಸ್ವಲ್ಪ ಗಟ್ಟಿಯಾಯ್ತು ಬೋಜಣ್ಣ" ಎಂದ ಪುಣ್ಯಾತ್ಮ. ಸ್ಪಿರಿಟಿನಲ್ಲಿ ಬ್ರಶ್ ಅದ್ದಿ ತುಂಬಾ ಹೊತ್ತು ಕೆರೆದ.

ಡಿಸ್ಕ್ ತೆರೆದದ್ದೇ ಬೇರೇನೂ ಮಾಡದೆ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಲು ಹಾಕಿದ. ಉಳಿದದ್ದೆಲ್ಲ ಬಂತು. ನನ್ನ ತಂಗಿ ಮುದ್ದುವಿನ ವಿಡಿಯೋ ಮಾತ್ರ ನೂರರಲ್ಲಿ ಎಂಬತ್ತಮೂರಕ್ಕೆ ನಿಂತಿತು. ಅಲುಗಾಡುವುದಿಲ್ಲ. ನಿನ್ನ ಹತ್ತಿರ ಬೇರೆ ಪ್ರತಿ ಇಲ್ಲ ಎಂಬುದು ನನಗೆ ಗೊತ್ತು. ಸ್ಟೂಲಿನಲ್ಲಿ ಕೂತು ಬಪ್ಪನಾಡಿನ ಅಮ್ಮನಿಗೆ ಒಂದು ಅಟ್ಟೆ ಮಲ್ಲಿಗೆ ಹೂವಿನ ಹರಕೆ ಹೇಳಿಕೊಂಡೆ. ವಾಲ್ಟರ್ ಪುನಃ ಹಾಕಿದ. ಮೂರನೇ ಸಲಕ್ಕೆ ನೂರಾಯಿತು.

ಸರಿಯುಂಟಾ ಎಂದು ಹಾಕಿ ನೋಡಿದೆವು. ಮುದ್ದು ಅಡುಗೆಮನೆಯಲ್ಲಿ ನಿಂತು, "ಅಣ್ಣ, ಆ ಮಿಕ್ಸಿ ಮುಟ್ಬೇಡಿ! ನೀವು ಮುಟ್ಟಿದ್ದು ಯಾವುದಾದ್ರೂ ಉಳಿದದ್ದುಂಟಾ?" ಎಂದು ಕೈ ಬೀಸಿ ಬೈಯುತ್ತಾಳಲ್ಲ, ಅದು ಅಂಗಡಿಯಿಡೀ ಕೇಳಿಸಿತು. ವಾಲ್ಟರ್ ಹೊಟ್ಟೆ ಹಿಡಿದು ನಕ್ಕ. ನನಗೆ ಕಣ್ಣಿಗೆ ಸ್ಪಿರಿಟಿನ ಘಾಟು ಹೊಡೆಯಿತು.

ಮಗುವಿಗೆ ತೋರಿಸುವಾಗ ಆ ಭಾಗ ಕತ್ತರಿಸಬೇಡ.

ಇತಿ, ಯಂತ್ರಗಳ ವೈದ್ಯ,
ನಿನ್ನ ಬೋಜ ಮಾವ

ತಾ.ಕ.: ಆಲ್ಮೇರಾ, ಬೀಗ ಎಂದದ್ದು ಸುಳ್ಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಟಿವಿಗೆ ಚುಚ್ಚಿ, ಅವಳ ಹತ್ತಿರ ಒಮ್ಮೆ ಬೈಸಿಕೊಂಡು, ಎಳೆದು ತೆಗೆದಿಟ್ಟು ಮಲಗುತ್ತಿದ್ದೆ. ಹಾಗೆ ಎಳೆಯಬಾರದಂತೆ, ವಾಲ್ಟರ್ ಅದಕ್ಕೂ ಬೈದ. ನಿನ್ನನ್ನು ಕೇಳದೆ ನನಗೂ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದೇನೆ. ಅದಕ್ಕೆ ಗಂಧ ಹಚ್ಚುವುದಿಲ್ಲ. ಒಂದು ಚೂರು ಕುಂಕುಮ, ಅದೂ ಮುಚ್ಚಳಕ್ಕೆ ಮಾತ್ರ.