ಹೊರಗಿಟ್ಟ ಪೆಟ್ಟಿಗೆ

ಜನವರಿ 24, ಬೆಳಿಗ್ಗೆ

ಮತ್ತೆ ನಿದ್ದೆಯಿಲ್ಲ. ಪುಟ್ಟಿ ಮಲಗಿದರೂ ನನಗೆ ಬರುವುದಿಲ್ಲ. ಅವಳ ಉಸಿರು ಕೇಳುತ್ತ ಕೂತಿರುತ್ತೇನೆ. ಬೂದಿ ತೆಗೆದು, ಒಲೆಗೆ ಬೆರಣಿ ಹಾಕಿ, ಚಹಾಕ್ಕೆ ಹಾಲು, ಎಂದಿನ ಚಿಟಿಕೆ ಉಪ್ಪು... ಉಪ್ಪು ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಹಾಕಿದೆ. ಅತ್ತೆ ಒಂದು ಗುಟುಕು ಕುಡಿದು ಬಟ್ಟಲೊಳಗೆ ಇಣುಕಿದರು.

"ನಮ್ಮೂರಿಗೆ ಸಮುದ್ರ ಯಾವಾಗ ಬಂತೇ?"

ಇವತ್ತು ರಾಜಧಾನಿ ಉಲಾನ್‌ಬಾತರ್‌ನಿಂದ ಡಾಕ್ಟರ್ ಬರುತ್ತಾರೆ. ಲಸಿಕೆ ಸರಬರಾಜಿನ ಮೌಲ್ಯಮಾಪನ, ಇಡೀ ದೇಶದ್ದು. ರಾಜಧಾನಿಯ ಉಗ್ರಾಣ, ಅಲ್ಲಿಂದ ಜಿಲ್ಲಾ ಕೇಂದ್ರ, ಅಲ್ಲಿಂದ ನಮ್ಮಂಥ ಸಣ್ಣ ಊರಿನ ಆಸ್ಪತ್ರೆಯ ಫ್ರಿಜ್ — ಎಲ್ಲಿ ಕೊಂಡಿ ಸಡಿಲವಿದೆ ಎಂದು ನೋಡುವುದು. ಹೆರಿಗೆ ರಜೆಯಲ್ಲಿದ್ದರೂ ಔಷಧ ಕೋಣೆಯ ಬೀಗದಕೈ ನನ್ನ ಹತ್ತಿರವೇ ಇದೆ. ಫಾರ್ಮಸಿ ಓದಿದವಳು ಊರಿಗೆ ನಾನೊಬ್ಬಳೇ.

ಪುಟ್ಟಿಯನ್ನೂ ಕರೆದೊಯ್ಯಬೇಕು. ಹೊರಡುವ ಮುಂಚೆ ಅತ್ತೆ ಒಲೆಯ ಮಸಿ ಬೆರಳಿಗೆ ತಗೊಂಡು ಅವಳ ಹಣೆಗೆ ಎಳೆದರು. "ಥೂ, ಎಂಥ ಕೊಳಕು ಕೂಸು" ಎಂದರು. ಗಟ್ಟಿಯಾಗಿ. ಕೇಳಿಸಬೇಕಾದದ್ದಕ್ಕೆ ಕೇಳಿಸಲಿ ಎಂದು.

ಜನವರಿ 24, ಸಂಜೆ

ಡಾಕ್ಟರ್ ಚಿಮ್ಗೀ. ದಪ್ಪ ಕನ್ನಡಕ, ದೊಡ್ಡ ನಗು, ಈ ಚಳಿಗೆ ಸಾಲದ ಪಟ್ಟಣದ ಬೂಟು. ಫ್ರಿಜ್ ನೋಡಿದರು, ಥರ್ಮಾಮೀಟರ್ ನೋಡಿದರು, ಜನರೇಟರ್ ಚಾಲೂ ಮಾಡಿಸಿದರು. ಆಮೇಲೆ ಪ್ರಶ್ನೆಗಳು.

"ದಾರಿಯಲ್ಲಿ ಲಸಿಕೆ ಪೆಟ್ಟಿಗೆ ತಣ್ಣಗೇ ಇತ್ತಾ?"

ನರ್ಸ್ ದುಲ್ಮಾಗೆ ತಡೆದುಕೊಳ್ಳಲಾಗಲಿಲ್ಲ. "ಡಾಕ್ಟ್ರೇ, ಹೊರಗೆ ಮೈನಸ್ ಮೂವತ್ತೈದು. ನಮ್ಮೂರಲ್ಲಿ ತಣ್ಣಗಾಗದೇ ಇರೋದು ಅಂದ್ರೆ ನನ್ನ ನಾದಿನಿ ನಾಲಿಗೆ ಒಂದೇ."

"ಈ ಪ್ರಶ್ನೆ ಬರೆದೋರು ಯಾವುದೋ ಬಿಸಿಲೂರಿನವರು ಬಿಡಿ" ಎಂದು ಡಾಕ್ಟರ್ ನಗುತ್ತ ಗುರುತು ಹಾಕಿಕೊಂಡರು. ಪೂರ್ತಿ ಅಂಕ. "ಡ್ರೈವರ್ ಹೆಸರು?"

ನಾನು ದುಲ್ಮಾಳ ಮುಖ ನೋಡಿದೆ.

"ಅವಳನ್ನ ಕೇಳ್ಬೇಡಿ" ಎಂದಳು ದುಲ್ಮಾ. "ಅವಳ ಮಾವನೇ ಡ್ರೈವರ್. ಸೊಸೆ ಬಾಯಲ್ಲಿ ಮಾವನ ಹೆಸರು ಬರುತ್ತಾ? ಕೊಡಿ, ನಾನು ಬರೀತೀನಿ. ಕಾಲೇಜು ಓದಿದ್ದು ಬೇರೆ ದಂಡ."

ಎಲ್ಲರೂ ನಕ್ಕೆವು. ಎಷ್ಟೋ ದಿನದ ಮೇಲೆ ಹಗುರವಾಗಿ ಮನೆಗೆ ಬಂದೆ.

ಜನವರಿ 31

ಪಕ್ಕದ ಜಿಲ್ಲೆಯಲ್ಲಿ ನಾಯಿಕೆಮ್ಮು. ದುಲ್ಮಾ ಫೋನಿನಲ್ಲಿ ಹೇಳಿದಳು. ಒಂದು ಮಗು ಹೋಯಿತಂತೆ, ಲಸಿಕೆ ಹಾಕಿಸಿರದ ಮಗು. "ನಮ್ಮ ಮಕ್ಕಳಿಗೆಲ್ಲ ಹಾಕಿದೀವಲ್ಲ, ನೀನ್ಯಾಕೆ ಉಸಿರು ಬಿಗಿ ಹಿಡ್ಕೊಂಡಿದ್ದೀಯ?" ಎಂದಳು. ಹೌದು. ಪುಟ್ಟಿಗೂ ಆಗಿದೆ. ಮೂರೂ ಸಲ.

ಅತ್ತೆಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅವರು ಎದ್ದು ಹೋಗಿ ತೊಟ್ಟಿಲ ಮೇಲೆ ತೂಗುವ ನರಿಯ ದಾರ ಬಿಗಿ ಮಾಡಿದರು. ಉಣ್ಣೆ ಬಟ್ಟೆಯ ಪುಟ್ಟ ನರಿ. ಕನಸಿನಲ್ಲಿ ನರಿ ಬಂದು "ನಿನ್ನಮ್ಮ ಸತ್ತಳು" ಎಂದರೆ ಕೂಸು ಅಳುತ್ತದೆ, "ಬದುಕಿದ್ದಾಳೆ" ಎಂದರೆ ನಗುತ್ತದೆ. ಆ ನರಿ ಒಳಗೆ ಬರದಿರಲಿ ಎಂದು ಈ ನರಿಯ ಕಾವಲು. ಇದು ಪುಟ್ಟಿಗೆಂದು ಹೊಲಿದದ್ದಲ್ಲ. ಅತ್ತೆಯ ಮೊದಲ ಮಗಳದು. ಒಂದು ಕಿವಿ ಹರಿದಿದೆ... ಆ ಮಗು ಚೀಪುತ್ತಿತ್ತಂತೆ. ಅವಳು ಹೋದದ್ದು ನಾಯಿಕೆಮ್ಮಿನಲ್ಲೇ. ಡೇರೆಯಲ್ಲಿದ್ದ ಕಾಲ, ಲಸಿಕೆ ತಲುಪದ ಕಾಲ.

"ಆ ಸದ್ದು ಮರೆಯಲ್ಲ ಮಗಳೇ" ಎಂದಿದ್ದರು ಒಮ್ಮೆ. "ಕೆಮ್ಮು ಕೆಮ್ಮು ಕೆಮ್ಮು, ಕೊನೇಲಿ ಉಸಿರೆಳ್ಕೊಳ್ಳೋದು. ಬಾಗಿಲ ಸಂದೀಲಿ ಗಾಳಿ ಕೂಗಿದ ಹಾಗೆ."

ಗಾಳಿ ಬೀಸಿದಾಗೆಲ್ಲ ಈಗ ನನಗೂ ಕೇಳಿಸುತ್ತದೆ. ಕೇಳಿಯೇ ಇರದ ಸದ್ದು.

ಫೆಬ್ರವರಿ 6, ಮಧ್ಯಾಹ್ನ

ಕೈಯ ಹಿಟ್ಟು ಇನ್ನೂ ತೊಳೆದಿಲ್ಲ.

ಹೊಸ ವರ್ಷದ ಬಿಳಿತಿಂಗಳ ಹಬ್ಬಕ್ಕೆ ಕಡುಬು ಮಾಡುತ್ತಿದ್ದೆವು. ಕುರಿಮಾಂಸ ಕೊಚ್ಚಿ ತುಂಬಿ ಮಡಿಸುವುದು ಅತ್ತೆ, ನಾನು, ದುಲ್ಮಾ. ಹಲಗೆ ತುಂಬಿದಂತೆಲ್ಲ ಮಾವ ಎತ್ತಿ ಹೊರಗಿನ ಮುಂಗೋಣೆಗೆ ಒಯ್ಯುವುದು. ಅಲ್ಲಿಯ ಚಳಿಗೆ ಅವು ಕಲ್ಲಾಗುತ್ತವೆ. ಚೀಲಕ್ಕೆ ಸುರಿದರೆ ಗೋಲಿ ಸುರಿದ ಸದ್ದು.

ದುಲ್ಮಾಗೆ ಮಾವನನ್ನು ಕೆಣಕದಿದ್ದರೆ ಆಗದು. "ಡಿಸೆಂಬರ್‌ನಲ್ಲಿ ಲಸಿಕೆ ತರೋವಾಗ ಬಿರುಗಾಳಿ ಅಂತ ದಾರೀಲಿ ಉಳ್ಕೊಂಡ್ರಲ್ಲ ಅಣ್ಣಾ, ಯಾರ ಡೇರೆ ಅದು? ವಿಧವೆ ಯಾರಾದ್ರೂ ಇದ್ರಾ?"

"ಇವರನ್ನ ಇಟ್ಕೊಳ್ಳೋ ವಿಧವೆ ಇದ್ರೆ ಹೇಳೇ" ಎಂದರು ಅತ್ತೆ. "ಹಾಸಿಗೆ ಸಮೇತ ಕಳಿಸ್ತೀನಿ. ಗೊರಕೆ ಅವಳೇ ಕೇಳ್ಲಿ."

ಮಾವ ನಕ್ಕರು. "ಮುದುಕ, ಮುದುಕಿ, ಒಂದು ನಾಯಿ. ಪಾಪ, ಒಳ್ಳೇ ಜನ. ಪೆಟ್ಟಿಗೇನೂ ಒಳಗೆ ತನ್ನಿ ಅಂದ್ರು. ನಾನು ಬಿಡ್ತೀನಾ? ಒಲೆ ಕೆಂಪಗೆ ಕಾದಿತ್ತು. ಲಸಿಕೆ ಅದು, ಶಾಖ ತಗುಲಿದ್ರೆ ಕೆಡುತ್ತೆ ಅಂದೆ. ಹೊರಗೆ ಮಾಂಸ ಇಡೋ ಗಾಡಿ ಮೇಲೆ, ಗಾಳಿ ಬಡಿಯೋ ಕಡೆ ಇಟ್ಟು, ನಾಯಿ ಮುಟ್ಟದ ಹಾಗೆ ಹಗ್ಗ ಬಿಗಿದೆ. ನಾನು ಒಳಗೆ ಬೆಚ್ಚಗೆ ಮಲಗಿದ್ರೂ ಅದನ್ನ ಮಲಗಿಸಲಿಲ್ಲ." ನನ್ನ ಕಡೆ ತಿರುಗಿದರು, ಹೆಮ್ಮೆಯಿಂದ. "ಬೆಳಿಗ್ಗೆ ಮುಚ್ಚಳ ತೆಗೆದು ಮುಟ್ಟಿ ನೋಡಿದೆ ಮಗಳೇ. ಕಲ್ಲು. ಈ ಕಡುಬಿನ ಹಾಗೆ."

ದುಲ್ಮಾ ನಗುತ್ತಲೇ ಇದ್ದಳು. ನಾನು ಮಡಿಸುತ್ತಿದ್ದ ಕಡುಬು ಬೆರಳಲ್ಲೇ ಹರಿಯಿತು.

ಫೆಬ್ರವರಿ 7

ಬರೆದರೆ ತಲೆ ನೆಟ್ಟಗಾಗಬಹುದು.

ಐದು ರೋಗಕ್ಕೆ ಸೇರಿಸಿ ಕೊಡುವ ಲಸಿಕೆ. ನಾಯಿಕೆಮ್ಮು ಅದರಲ್ಲೊಂದು. ಶಾಖ ತಗುಲಿದರೆ ನಿಧಾನವಾಗಿ ಕೆಡುತ್ತದೆ. ಹೆಪ್ಪುಗಟ್ಟಿದರೆ — ಒಂದೇ ಸಲ ಸಾಕು. ಆಮೇಲೆ ಕರಗಿದರೂ ಅದು ಲಸಿಕೆಯಲ್ಲ. ನೋಡಲು ಹಾಗೇ, ಹಾಲಿನಂತೆ ಬಿಳಿ. ಮುಂದಿನ ದಾರಿಯಲ್ಲಿ ಜೀಪಿನೊಳಗೆ ಕರಗಿರಬೇಕು. ನನ್ನ ಕೈಗೆ ಬಂದಾಗ ನೀರಾಗಿತ್ತು, ತಣ್ಣಗಿತ್ತು. ನಾನೇ ಫ್ರಿಜ್‌ಗಿಟ್ಟೆ. ಶಾಖ ತಗುಲಿದರೆ ಕಪ್ಪಾಗುವ ಗುರುತು ಬಾಟಲಿಯ ಮೇಲಿದೆ. ಚಳಿಗೆ ಯಾವ ಗುರುತೂ ಇಲ್ಲ.

ಡಿಸೆಂಬರ್, ಜನವರಿ... ಊರಿನ ಕೂಸುಗಳಿಗೆಲ್ಲ ಆ ಪೆಟ್ಟಿಗೆಯದೇ. ಪುಟ್ಟಿಗೆ ಎರಡು ಸಲ.

ಅವಳು ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಾಳೆ. ತೊಡೆಯ ಮೇಲೆ ಸೂಜಿಯ ಗುರುತು ಎಂದೋ ಮಾಸಿದೆ. ಆದರೂ ಹುಡುಕಿದೆ.

ಪರೀಕ್ಷೆಯೊಂದಿದೆ, ಕಾಲೇಜಿನಲ್ಲಿ ಕಲಿತದ್ದು. ಅದೇ ಪೆಟ್ಟಿಗೆಯ ಒಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ, ಅನುಮಾನವಿರುವ ಬಾಟಲಿಯ ಜೊತೆ ಕುಲುಕಿ ಪಕ್ಕದಲ್ಲಿಡಬೇಕು. ಹೆಪ್ಪುಗಟ್ಟಿದ್ದರಲ್ಲಿ ಚೂರುಗಳು ಬೇಗ ತಳಕ್ಕಿಳಿಯುತ್ತವೆ. ಒಳ್ಳೆಯದು ಬೆಳ್ಳಗೇ ನಿಂತಿರುತ್ತದೆ.

ಒಂದು ಬಾಟಲಿಯನ್ನು ಮುಂಗೋಣೆಯಲ್ಲಿ, ಕಡುಬಿನ ಚೀಲದ ಪಕ್ಕ ಇಟ್ಟು ಬಂದೆ. ದುಲ್ಮಾಗೆ ಉಳಿದದ್ದನ್ನು ಯಾರಿಗೂ ಹಾಕಬೇಡ ಎಂದೆ. ಯಾಕೆ ಎಂದಳು. ಹಬ್ಬ ಮುಗೀಲಿ, ಹೇಳ್ತೀನಿ ಎಂದೆ. ಹೇಡಿ ನಾನು.

ಫೆಬ್ರವರಿ 8

ಆಸ್ಪತ್ರೆಯ ಕಿಟಕಿ. ಬಿಸಿಲು ಚೆನ್ನಾಗಿತ್ತು. ಕರಗಿಸಿ ತಂದದ್ದನ್ನೂ ಅನುಮಾನದ್ದನ್ನೂ ಕುಲುಕಿ ಇಟ್ಟೆ. ಪಟ್ಟು ಹಿಡಿದು ವಿಷಯ ಹೊರಡಿಸಿದ್ದ ದುಲ್ಮಾ ಪಕ್ಕದಲ್ಲಿ, ಬಾಟಲಿಗೆ ಮುಖ ಹತ್ತಿರ ತಂದು.

ಬೇಕೆಂದೇ ಹೆಪ್ಪುಗಟ್ಟಿಸಿದ್ದರಲ್ಲಿ ಹಿಮ ಬೀಳತೊಡಗಿತು. ಮೇಲೆ ತಿಳಿನೀರು, ಕೆಳಗೆ ಬಿಳಿ.

ಇನ್ನೊಂದರಲ್ಲೂ ಬಿತ್ತು. ಅಷ್ಟೇ ಬೇಗ.

ಫೆಬ್ರವರಿ 15, ಬೆಳಿಗ್ಗೆ

ಬಿರುಗಾಳಿಗೆ ಫೋನ್ ಟವರ್ ಸತ್ತು ಇಷ್ಟು ದಿನ. ಸಿಗ್ನಲ್ ಇಲ್ಲ ಎಂದು ನಾನು ಒಳಗೊಳಗೇ ನೆಮ್ಮದಿಯಾಗಿದ್ದೆ. ಅದನ್ನೂ ಬರೆದುಬಿಡುತ್ತೇನೆ. ಇವತ್ತು ಬಂತು. ನಾಳೆ ಹಬ್ಬ.

ಅತ್ತೆಗೆ ಮೊದಲು ಹೇಳಿದೆ. ಬೆಣ್ಣೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವರು ನಿಲ್ಲಿಸಲಿಲ್ಲ. "ಹಬ್ಬ ಕಳೀಲಿ. ಹೊಸ ವರ್ಷದ ಬಾಗಿಲಲ್ಲಿ ಕೆಟ್ಟ ಮಾತು ಆಡಬಾರದು. ಅದರಲ್ಲೂ ಮಕ್ಕಳ ಮೇಲೆ."

"ಅಮ್ಮಾ, ಹಬ್ಬದಲ್ಲಿ ಮನೆಮನೆಗೂ ಕೂಸುಗಳನ್ನ ಎತ್ಕೊಂಡು ಹೋಗ್ತಾರೆ. ಪಕ್ಕದ ಜಿಲ್ಲೆಯೋರೂ ಬರ್ತಾರೆ. ಎಲ್ಲರೂ ಕೆನ್ನೆ ಮೂಸ್ತಾರೆ, ಮುದ್ದಾಡ್ತಾರೆ."

ಬತ್ತಿ ಹೊಸೆದರು, ಹೊಸೆದರು. ಆಮೇಲೆ ನರಿಯ ಕಡೆ ನೋಡಿದರು. "ನಿನ್ನ ಮಾವನಿಗೆ ನೀನೇ ಹೇಳು. ನನ್ನಿಂದಾಗಲ್ಲ."

ಮಾವ ಜೀಪಿನ ಕೆಳಗಿದ್ದರು. ಒಳಗೆ ಕರೆದು ಎರಡೂ ಬಾಟಲಿ ಕುಲುಕಿ ಮುಂದಿಟ್ಟೆ. ಹೇಳಿದೆ. ಬಗ್ಗಿ ನೋಡಿದರು. ಗ್ರೀಸು ಮೆತ್ತಿದ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟಿದರೆ ಇನ್ನಷ್ಟು ಕೆಡುತ್ತದೇನೋ ಎಂಬಂತೆ.

"ಇದರಲ್ಲಿ ನಾನು ತಂದಿದ್ದು ಯಾವ್ದಮ್ಮಾ?"

"ಎರಡೂ, ಅಪ್ಪಾ. ಇದನ್ನ ನಾನು ಹೊರಗಿಟ್ಟೆ. ಅದನ್ನ..."

"ನಾನಿಟ್ಟೆ."

ಹಿಮ ಪೂರ್ತಿ ಇಳಿಯುವವರೆಗೂ ಹಾಗೇ ಬಗ್ಗಿ ನಿಂತಿದ್ದರು. ನಂತರ "ಫೋನ್ ಮಾಡು" ಎಂದರು.

ಡಾಕ್ಟರ್ ಚಿಮ್ಗೀ ಮೊದಲು ನಗುನಗುತ್ತ ಹಬ್ಬದ ಮಾತಾಡಿದರು. ನಾನು ಹೇಳಿ ಮುಗಿಸಿದ ಮೇಲೆ ಅತ್ತ ಅವರು ಕಾಗದ ತಿರುವಿದ ಸದ್ದು. "ನಾನೇ ಗುರುತು ಹಾಕಿದ್ನಲ್ಲ. ತಣ್ಣಗಿತ್ತಾ ಅಂತ ಕೇಳಿದೆ. ಹೆಪ್ಪುಗಟ್ಟಿತ್ತಾ ಅಂತ ಕೇಳ್ಲೇ ಇಲ್ಲ." ಆಮೇಲೆ ಮೆಲ್ಲಗೆ, "ಇನ್ನೆಷ್ಟು ಊರಲ್ಲಿ ಹೊರಗಿಟ್ಟಿದ್ದಾರೋ..." ಎಂದರು. ನನಗೂ ಅದೇ ಕಾಣಿಸಿತು. ಇಡೀ ದೇಶದಲ್ಲಿ, ಡೇರೆ ಡೇರೆಯ ಹೊರಗೆ, ಬಿಗಿದು ಕಟ್ಟಿದ ಪೆಟ್ಟಿಗೆಗಳು. ಕಾಳಜಿಯಿಂದ ಕಟ್ಟಿದವು.

"ಬರ್ಕೋಬೇಕು. ಡಿಸೆಂಬರ್‌ದು ತಂದಿದ್ದು ಯಾವ ಡ್ರೈವರ್?"

ಬಾಯಿ ತೆರೆದೆ. ಬರಲಿಲ್ಲ. ಮದುವೆಯಾದಂದಿನಿಂದ ಆಡಿರದ ಹೆಸರು, ಮೊದಲ ಸಲ ಇದಕ್ಕೆ ಆಡಲೇ?

"ಹಲೋ? ಯಾರು ತಂದದ್ದು?"

ಮಾವ ಕೈ ಒರೆಸಿಕೊಂಡು ನನ್ನ ಕೈಯಿಂದ ಫೋನ್ ತಗೊಂಡರು. ನೆಟ್ಟಗೆ ನಿಂತು, ತಂದೆಯ ಹೆಸರು ಸೇರಿಸಿ, ತಮ್ಮ ಹೆಸರು ಹೇಳಿದರು. ಇಲ್ಲಿಯೂ ಬರೆಯಲಾರೆ.

"ನಾನೇ ತಂದೆ. ಹೊಸಾದನ್ನೂ ನಾನೇ ತರ್ತೀನಿ. ಈಗ ಹೊರಡ್ತೀನಿ. ಹ್ಯಾಗೆ ಇಡ್ಬೇಕು ಹೇಳಿ, ಒಂದೊಂದೇ ಹೇಳಿ."

ಹಬ್ಬದ ಹಿಂದಿನ ದಿನ ಯಾರೂ ಮನೆ ಬಿಡುವುದಿಲ್ಲ. ಈ ಸಂಜೆ ಒಲೆ ಮುಂದಿಲ್ಲದವನು ವರ್ಷವಿಡೀ ಅಲೆಯುತ್ತಾನೆ ಎನ್ನುವವರು ಅತ್ತೆಯೇ. ಅವರೇ ಹೊರಗೆ ಬಂದು, ದಾರಿ ಸುಗಮವಾಗಲೆಂದು ಜೀಪಿನ ಹಿಂದೆ ಹಾಲು ಚಿಮುಕಿಸಿದರು. ನೆಲ ಮುಟ್ಟಿದ್ದೇ ಹನಿಗಳು ಗಟ್ಟಿಯಾದವು.

ಫೆಬ್ರವರಿ 17

ದುಲ್ಮಾ ಮನೆಮನೆಗೂ ಹೋಗಿ ಹೇಳಿ ಬಂದಿದ್ದಾಳೆ, ಕೂಸುಗಳನ್ನು ಹೊರಗೆ ತರಬೇಡಿ ಎಂದು. ಬೈಸಿಕೊಂಡಳು. "ಹಬ್ಬದ ದಿನ ಬೈದ್ರೆ ಅವರಿಗೇ ಕೆಟ್ಟದ್ದು ಅಂತ ಮೆಲ್ಲಗೆ ಬೈದ್ರು ಕಣೇ" ಎಂದಳು.

ನಾನು ಬಾಗಿಲು ಹಾಕಿಕೊಂಡೇ ಇದ್ದೆ. ಆದರೆ ಮಾವನ ಅಕ್ಕ ಬಂದರೆ ಬಾಗಿಲು ಹಾಕಲಾದೀತೇ? ಎಂಬತ್ತರ ಮುದುಕಿ, ಪಕ್ಕದ ಜಿಲ್ಲೆಯಿಂದ, ಮೊಮ್ಮಗನ ಬೈಕಿನ ಹಿಂದೆ ಕೂತು. ನಾನು ಚಹಾ ತರುವಷ್ಟರಲ್ಲಿ ಪುಟ್ಟಿ ಅವರ ಮಡಿಲಲ್ಲಿ. ಎರಡೂ ಕೆನ್ನೆಗೆ ಮೂಗಿಟ್ಟು ಉಸಿರೆಳೆದರು. "ಎಂಥ ಕೆಟ್ಟ ವಾಸನೆ ಈ ಕೂಸಿಗೆ" ಎಂದರು ಅಕ್ಕರೆಯಿಂದ.

ಆಮೇಲೆ ತೋಳಿಗೆ ಬಾಯಿ ಒತ್ತಿ ಕೆಮ್ಮಿದರು. "ಹೊಗೆ" ಎಂದರು.

ಒಲೆ ಹೊಗೆಯಾಡುತ್ತಿರಲಿಲ್ಲ.

ಫೆಬ್ರವರಿ 19

ಮಾವ ಬಂದರು. ಚಳಿಗೆ ಕೆನ್ನೆಯ ಚರ್ಮ ಕಪ್ಪಾಗಿ ಸುಲಿದಿದೆ. ಪೆಟ್ಟಿಗೆ ಸೀಟಿನ ಮೇಲೆ, ಪಕ್ಕದಲ್ಲೇ, ಕಂಬಳಿಯಲ್ಲಿ ಸುತ್ತಿ. ಒಳಗಿನ ಥರ್ಮಾಮೀಟರ್ ನಾನು ನೋಡಿದೆ, ದುಲ್ಮಾ ನೋಡಿದಳು, ಮಾವ ಇನ್ನೊಮ್ಮೆ ನನ್ನಿಂದಲೇ ನೋಡಿಸಿದರು. ಸರಿಯಾಗಿದೆ.

ದಾರಿಯಲ್ಲಿ ಅದೇ ಮುದುಕರ ಡೇರೆಯಲ್ಲಿ ತಂಗಿದ್ದರಂತೆ. "ಒಲೆ ಹತ್ರಾನೂ ಅಲ್ಲ, ಹೊರಗೂ ಅಲ್ಲ. ಬಾಗಿಲ ಒಳಗೆ, ಹೊಸ ಕುರಿಮರಿ ಮಲಗಿಸ್ತೀವಲ್ಲ, ಅಲ್ಲಿ. ಮರಿ ನಡುಗಿದ್ರೆ ಹತ್ರ ಎಳ್ಕೊ, ಏದುಸಿರು ಬಿಟ್ರೆ ದೂರ ತಳ್ಳು. ಇಷ್ಟೇ ಅಲ್ವಾ ಇದು? ಮೊದಲೇ ಹೀಗಂತ ಯಾರಾದ್ರೂ ಹೇಳಿದ್ರೆ..." ಮಾತು ಮುಗಿಸಲಿಲ್ಲ. ಮಲಗಿಯೂ ಇಲ್ಲವಂತೆ. ಈಗ ಮನೆಯಲ್ಲಿ ನಿದ್ದೆಯಿಲ್ಲದವರು ಇಬ್ಬರು.

ಫೆಬ್ರವರಿ 20

ಇಡೀ ದಿನ ಆಸ್ಪತ್ರೆ. ತಾಯಂದಿರ ಸಾಲು. "ಮೊದಲು ಹಾಕಿದ್ದು ಏನು, ನೀರಾ?" ಎಂದಳೊಬ್ಬಳು. "ನಿನ್ ಮಗಳಿಗೂ ಅದೇ ಹಾಕಿದ್ಯಾ, ಇಲ್ಲಾ ನಿನಗೆ ಬೇರೆ ಇಟ್ಕೊಂಡಿದ್ಯಾ?" ಎಂದಳು ಇನ್ನೊಬ್ಬಳು. ಪುಟ್ಟಿಯ ಕಾಲು ಎಲ್ಲರೆದುರು ಬಿಚ್ಚಿ ದುಲ್ಮಾಳ ಸೂಜಿಗೆ ಹಿಡಿದೆ. ಪುಟ್ಟಿ ಚೀರಿದಳು. ಸಾಲು ಮುಂದೆ ಸರಿಯಿತು.

ಮಾವ ಬಾಗಿಲಲ್ಲೇ ನಿಂತಿದ್ದರು. ಒಳಗೆ ಹೋಗುವ ಒಂದೊಂದು ಕೂಸಿಗೂ ಟೋಪಿ ತೆಗೆದರು.

ಡಾಕ್ಟರ್ ಚಿಮ್ಗೀ ಫೋನ್ ಮಾಡಿದ್ದರು. ಚಳಿ ತಗುಲಿದರೆ ತೋರಿಸುವ ಗುರುತು ಇನ್ನು ಪ್ರತಿ ಪೆಟ್ಟಿಗೆಯಲ್ಲೂ ಇಡುತ್ತಾರಂತೆ. ಪ್ರಶ್ನೆಗಳನ್ನೂ ಬದಲಿಸುತ್ತಾರಂತೆ. ಪುಟ್ಟಿಗೆ ಯಾವಾಗಿನಿಂದ ರಕ್ಷಣೆ ಎಂದು ಕೇಳಿದೆ. "ಕೆಲವು ವಾರ ಬೇಕು. ಅಲ್ಲೀವರೆಗೆ ಯಾರ ಹತ್ರಾನೂ ಬಿಡಬೇಡಿ."

ಮಾವನ ಅಕ್ಕನ ವಿಷಯ ಹೇಳಿದೆ. ಎಷ್ಟು ದಿನದ ಕೆಮ್ಮು ಎಂದು ಎರಡು ಸಲ ಕೇಳಿದರು.

ಫೆಬ್ರವರಿ 26, ಮಧ್ಯಾಹ್ನ

ಗಾಳಿ ನಿಂತಿದೆ. ಮಾವ ಇನ್ನೊಂದು ಊರಿನ ಪೆಟ್ಟಿಗೆ ತರಲು ಹೋಗಿದ್ದಾರೆ. ಅವರೇ ಕೇಳಿಕೊಂಡದ್ದು. ಪುಟ್ಟಿ ಮಲಗಿದ್ದಾಳೆ. ನಿದ್ದೆಯಲ್ಲೇ ನಕ್ಕಳು ಈಗ. ನರಿ ಬಂದು "ನಿನ್ನಮ್ಮ ಬದುಕಿದ್ದಾಳೆ" ಎಂದಿರಬೇಕು.

ಅತ್ತೆ ಹಬ್ಬದ ಉಳಿದ ಕಡುಬು ಹಬೆಗಿಟ್ಟು, ಒಲೆ ಮುಂದೆ ಕೂತು ನರಿಯ ಹರಿದ ಕಿವಿ ಹೊಲಿಯುತ್ತಿದ್ದಾರೆ. ಇಷ್ಟು ವರ್ಷ ಹಾಗೇ ಬಿಟ್ಟಿದ್ದರು. "ಇವಳಿಗೆ ಅಂತ ಒಂದು ನರಿ ಬೇಡ್ವಾ" ಎಂದರು. ಬಿಸಿಲು ತೊಟ್ಟಿಲವರೆಗೂ ಬಂದಿದೆ. ಇವತ್ತು ನನಗೂ ನಿದ್ದೆ ಬರಬಹುದು. ಕಣ್ಣು

ಕೆಮ್ಮಿದಳು. ಒಂದು ಸಲ. ಒಣ ಕೆಮ್ಮು.

ಎಚ್ಚರವಾಗಿಲ್ಲ. ಹಾಲು ನೆತ್ತಿಗೆ ಹತ್ತಿರಬಹುದು. ಜೊಲ್ಲಿರಬಹುದು. ಅತ್ತೆಯ ಸೂಜಿ ಬಟ್ಟೆಯ ನಡುವೆ ನಿಂತಿದೆ. ನನ್ನ ಕಡೆ ನೋಡುತ್ತಿಲ್ಲ. ತಲೆ ಓರೆ ಮಾಡಿ, ಕಿವಿ ತೊಟ್ಟಿಲ ಕಡೆ ಇಟ್ಟು, ಎರಡನೆಯ ಕೆಮ್ಮಿಗೆ ಕಾಯುತ್ತ —