ನೀನು ತುಂಬಿದ ಫಾರ್ಮು

ಸಟನ್ ಕೋಲ್ಡ್‌ಫೀಲ್ಡ್
೧೨ ಅಕ್ಟೋಬರ್ ೨೦೨೫, ಭಾನುವಾರ

ಚಿರಂಜೀವಿ ಶರಣನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀ? ಮೊಣಕಾಲಿನ ನೋವು ಕಡಿಮೆಯಾಯಿತೇ? ಕ್ಯಾಟರಿಕ್‌ನ ಸೈನ್ಯದ ಕ್ಯಾಂಪಿನಲ್ಲಿ ಆಗಲೇ ಚಳಿ ಬಿದ್ದಿರಬೇಕು. ಕಳಿಸಿದ ಶೇಂಗಾ ಚಟ್ನಿ ಮುಟ್ಟಿತೋ ಇಲ್ಲವೋ, ಒಂದು ಮೆಸೇಜಾದರೂ ಹಾಕಬಾರದೇ? ಇಷ್ಟು ಕೇಳಿದೆನೆಂದು ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಫೋನಿನಲ್ಲಿ ಬೈದರೆ ‘ಹೂಂ ಅವ್ವಾ, ಹೂಂ ಅವ್ವಾ’ ಎಂದು ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಗದಗಿನ ಶಾಲೆಯಲ್ಲಿ ಆರನೆಯ ತನಕ ಕಲಿತ ಕನ್ನಡ ಮರೆತಿರಲಾರೆ, ಕೂತು ಪೂರ್ತಿ ಓದು.

ಈ ಇಂಗ್ಲೆಂಡಿಗೆ ಬಂದ ಏಳು ವರ್ಷವೂ ನಿನ್ನನ್ನು ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಹರಿಯಿತು. ಒದ್ದೆ ಟವೆಲ್ ಹಾಸಿಗೆಯ ಮೇಲೆ, ಉಂಡ ತಟ್ಟೆ ಸೋಫಾದ ಕೆಳಗೆ. ಈಗ ಯಾರೋ ಒಬ್ಬ ಕಾರ್ಪೊರಲ್ ಆರು ತಿಂಗಳಲ್ಲಿ ನಿನ್ನನ್ನು ತಿದ್ದಿಬಿಟ್ಟನಂತೆ! ಹೋದ ತಿಂಗಳು ರಜೆಗೆ ಬಂದಾಗ ಐದಕ್ಕೇ ಎದ್ದು, ಚಾದರವನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ನಿಮ್ಮಪ್ಪನ ಬೂಟಿಗೂ ಪಾಲಿಶ್ ಹಾಕಿದೆ. ಅವರು ಹಿಗ್ಗಿ ಹೀರೇಕಾಯಿಯಾದರು. ಟಿವಿಡೇಲ್ ದೇವಸ್ಥಾನದಲ್ಲಿ ಕಂಡಕಂಡವರಿಗೆ ‘ನಮ್ಮ ಹುಡುಗ ಮನಷ್ಯಾ ಆದ ನೋಡ್ರಿ’ ಎಂದದ್ದೇ ಎಂದದ್ದು. ನನಗೆ ಹೊಟ್ಟೆ ಉರಿಯಿತು. ನಾನು ಹೇಳಿದಾಗ ಆಗದ ಮನುಷ್ಯ ಇನ್ನೊಬ್ಬ ಕೂಗಿದ ಕೂಡಲೇ ಹೇಗಾದ?

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಆ ಫಾರ್ಮು. ನೀನು ಹೊರಡುವ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ನೀನು ಬೆನ್ನು ನೆಟ್ಟಗೆ ಮಾಡಿ ಟೇಬಲ್ಲಿನ ಮುಂದೆ ಕೂತು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ಹಾಗೆ ಕೇಳಿದೆ: ‘ಅವ್ವಾ, ನಾ ಸತ್ರ ಏನ್ ಮಾಡಬೇಕಂತ ಬರೀಲಿ? ಎಲ್ಲಾರೂ ತುಂಬಬೇಕು.’ ಹತ್ತೊಂಬತ್ತು ವರ್ಷದವನು! ಹಿಟ್ಟಿನ ಕೈಯಲ್ಲೇ ಕಾಗದ ಕಸಿದು ಎಸೆದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಮೊದಲಿನ ಶರಣನಾಗಿದ್ದರೆ ಬಾಗಿಲು ಧಡಾರನೆ ಹಾಕಿಕೊಳ್ಳುತ್ತಿದ್ದ. ನೀನು ಬಗ್ಗಿ ಹಾಳೆ ಎತ್ತಿ, ಹಿಟ್ಟು ಒರೆಸಿ, ‘ನನ್ನ ಜೋಡಿ ಇರೋ ನೇಪಾಳದ ಹುಡುಗ ಸುಡೋದು ಅಂತ ಬರದಾನ, ನಾನೂ ಅದನ್ನ ಬರೀತೀನಿ’ ಎಂದು ಬರೆದು ಮಡಿಸಿ ಜೇಬಿಗಿಟ್ಟೆ. ಇದೇ ಶಿಸ್ತು ಎನ್ನುವುದಾದರೆ ನೀನು ಹತ್ತು ಗಂಟೆಯ ತನಕ ಬಿದ್ದುಕೊಳ್ಳುತ್ತಿದ್ದದ್ದೇ ವಾಸಿ. ಬರೆದದ್ದು ತಪ್ಪೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಸರಿಯಾದದ್ದನ್ನು ಹೇಳಿದ್ದರೆ ನೀನು ಸಾಯುವುದಕ್ಕೆ ನಾನೇ ಒಪ್ಪಿಗೆ ಕೊಟ್ಟಂತೆ ಆಗುತ್ತಿತ್ತು.

ತಂಗಿ ಸೌಮ್ಯಾ ನಿನ್ನ ಕ್ಷೇಮ ಕೇಳಿದ್ದಾಳೆ. ಹೊತ್ತುಹೊತ್ತಿಗೆ ಉಣ್ಣು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ದಾನೇಶ್ವರಿ

ತಾ.ಕ.: ಆ ಫಾರ್ಮು ವಾಪಸ್ ಕೇಳಿ ತಿದ್ದು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು. ನಿನಗೆ ಗೊತ್ತಿಲ್ಲದಿದ್ದದ್ದು ನನ್ನ ತಪ್ಪು. ಸಿದ್ದವ್ವಜ್ಜಿ ತೀರಿಕೊಂಡಾಗ ಹೆದರುತ್ತೀ ಎಂದು ನಿನ್ನನ್ನು ಪಕ್ಕದ ಮನೆಗೆ ಕಳಿಸಿದವಳು ನಾನೇ. ಸುದ್ದಿ ಯಾರಿಗೆ ಮುಟ್ಟಿಸಬೇಕು ಎನ್ನುವಲ್ಲಿ ಅಪ್ಪನ ಹೆಸರಿದೆ. ಅವರ ಎದೆ ತಡೆಯುವುದಿಲ್ಲ, ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆ. ಆದರೆ ಆ ಫೋನು ಬಂದರೆ ನಾನು ಎತ್ತುವುದಿಲ್ಲ, ಈಗಲೇ ಹೇಳಿದ್ದೇನೆ.