ಜ್ವರಕ್ಕೆ ಕೂತ ಹುಳುಗಳಿಗೆ ಸೊಪ್ಪು

ಮಾರ್ಚ್ 20, ಗುರುವಾರ

ಇವತ್ತು ಇವರು ಪೊರೆ ಬಿಡಲು ಜ್ವರಕ್ಕೆ ಕೂತ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿಬಿಟ್ಟರು. ಪೊರೆ ಬಿಡುವ ತನಕ ಹುಳು ಏನನ್ನೂ ತಿನ್ನುವುದಿಲ್ಲ ಎಂದು ಮದುವೆಯಾದ ಹೊಸದರಲ್ಲಿ ನನಗೆ ಕಲಿಸಿದವರೇ ಇವರು. ಮೈದುನ ಸೀನಪ್ಪ ಬರುವಷ್ಟರಲ್ಲಿ ಸೊಪ್ಪನ್ನೆಲ್ಲ ಆರಿಸಿ ತೆಗೆದೆ.

“ಯಾರಿಗೂ ಹೇಳ್ಬೇಡ ಕಣೇ ಸುನಂದ, ನಗ್ತಾರೆ,” ಅಂದರು.

“ಹೇಳಲ್ಲ. ಇದನ್ನ ತಿನ್ನಿ,” ಎಂದು ಹಿಪ್ಪುನೇರಳೆ ಹಣ್ಣಿನ ಬಟ್ಟಲು ಕೊಟ್ಟೆ.

“ಹುಳಕ್ಕೆ ಸೊಪ್ಪು, ನಂಗೆ ಹಣ್ಣು. ನಾನೂ ಗೂಡು ಕಟ್ಬೇಕೇನೇ?”

ಕಪ್ಪು ಹಣ್ಣುಗಳಲ್ಲಿರುವ ಆ್ಯಂಟಿ ಆಕ್ಸಿಡೆಂಟ್ ವಯಸ್ಸಾಗುವ ಮಿದುಳಿಗೆ ನೆರವಾಗಬಹುದು ಎಂದು ಪತ್ರಿಕೆಯಲ್ಲಿ ಓದಿ, ಒಂದು ಸಾಲು ಗಿಡವನ್ನು ಕಟಾವು ಮಾಡದೆ ಹಣ್ಣಿಗೆ ಬಿಟ್ಟಿದ್ದೇನೆ. ಶುರುವಾದ ಮರೆವನ್ನು ಅದು ನಿಲ್ಲಿಸುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಮೂರು ಸಲ ಓದಿದೆ.

ಕೋಲಾರದಲ್ಲಿ ಡಾಕ್ಟರಿಗೆ ತೋರಿಸಬೇಕು. ಅದಕ್ಕೆ ಮಗಳು ಅರ್ಪಿತಳಿಗೆ ಹೇಳಲೇಬೇಕು. ಇವರೆದುರು ಫೋನ್ ಮಾಡಲಾರೆ, ಮಾತು ಕೊಟ್ಟಿದ್ದೇನೆ. ಹುಳುಮನೆಯಲ್ಲಿ ಇವರೊಬ್ಬರನ್ನೇ ಬಿಟ್ಟು ಹೊರಗೆ ಹೋಗಿಯೂ ಮಾಡಲಾರೆ.

“ಏನೇ ಅಷ್ಟೊತ್ತಿಂದ ಬರೀತಿದೀಯಾ?” ಎಂದು ಒಳಗಿನಿಂದ ಕೇಳುತ್ತಿದ್ದಾರೆ. ಏನಿಲ್ಲ ಎಂದೆ. ಚಪ್ಪಲಿ ಸದ್ದು ಇತ್ತಲೇ ಬರುತ್ತಿದೆ, ಇದನ್ನು ಎಲ್ಲಿ ಬಚ್ಚಿಡ—